ಪೊರೆಯ ಧ್ವನಿವರ್ಧಕವೂ ಮನೆಯ ಗೋಡೆಯೂ

ಒಳ್ಳೆಯ ವಾದ್ಯವೊಂದನ್ನು ಕೊಂಡು ತಂದು, ಗೋಡೆಗೆ ಒತ್ತರಿಸಿಟ್ಟು, ಅನಂತರ ಅದರ ನಾದ ಸರಿಯಿಲ್ಲವೆಂದು ದೂರಿದರೆ ತಪ್ಪು ವಾದ್ಯದ್ದೇ? ಸ್ಥಿರವಿದ್ಯುತ್ ಧ್ವನಿವರ್ಧಕಗಳನ್ನು ಮನೆಗೆ ತಂದ ಸಂಗೀತಪ್ರಿಯರಲ್ಲಿ ಅನೇಕರು ಮಾಡುವುದು ಇದನ್ನೇ ಎಂದು ನಾನು ಬಲ್ಲೆ. ಇಂತಹ ಸಾಧನಕ್ಕೆ ಹಣವನ್ನು ಸುರಿಯುವ ಮೊದಲು ಸ್ಥಳವನ್ನು ಕೊಡಬೇಕೆಂಬುದೇ ಈ ಲೇಖನದ ವಾದ.

ನನ್ನ ಮಿತ್ರರೊಬ್ಬರು ನಿವೃತ್ತರಾದಾಗ ಬಂದ ಹಣದಲ್ಲಿ ಒಂದು ಭಾಗವನ್ನು ಮೀಸಲಿಟ್ಟು ಇಂತಹ ಒಂದು ಜೊತೆಯನ್ನು ಕೊಂಡರು. ಮನೆಗೆ ತಂದು ಕೇಳಿದರೆ ಕಂಠವೇನೋ ಸ್ವಚ್ಛವಾಗಿತ್ತು. ಆದರೆ ಮೃದಂಗದ ಎಡಭಾಗದ ಮಂದ್ರನಾದ ಮಾತ್ರ ಎಲ್ಲಿಯೋ ಮಾಯವಾಗಿತ್ತು. ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕೆಂದು ಅಂಗಡಿಯವರು ಹೇಳಿದರು; ಅದೂ ಬಂದಿತು. ದಪ್ಪ ತಂತಿ ಬೇಕೆಂದರು, ಅದೂ ಬಂದಿತು. ಫಲ ಮಾತ್ರ ಶೂನ್ಯ. ಫಲಕಗಳನ್ನು ಮಾರಿಬಿಡುವ ನಿಶ್ಚಯಕ್ಕೆ ಅವರು ಬಂದಿದ್ದಾಗ, ಒಂದು ಸಂಜೆ ನಾವಿಬ್ಬರೂ ಕೂಡಿ, ಗೋಡೆಯಿಂದ ಒಂದಡಿ ದೂರದಲ್ಲಿದ್ದ ಅವುಗಳನ್ನು ಮೂರೂವರೆ ಅಡಿಗಳಷ್ಟು ಮುಂದಕ್ಕೆ ತಂದೆವು. ಮೃದಂಗಕ್ಕೆ ಅದರ ಎಡಗೈ ಮರಳಿ ಬಂದಿತು. ಖರ್ಚಾದುದು ಹತ್ತು ನಿಮಿಷ. ಎದುರಾದ ತೊಡಕೆಂದರೆ ಓಡಾಡುವ ದಾರಿಗೆ ಅಡ್ಡವಾಯಿತೆಂಬ ಮನೆಯವರ ಆಕ್ಷೇಪಣೆಯೊಂದೇ.

ಇದರಲ್ಲಿ ಪವಾಡವೇನೂ ಇಲ್ಲ. ನಾವು ಎಲ್ಲೆಡೆ ಕಾಣುವ ಧ್ವನಿವರ್ಧಕದಲ್ಲಿ ತಂತಿಸುರುಳಿಯೊಂದು ಶಂಕುವಿನಾಕಾರದ ಹಾಳೆಯನ್ನು ಹಿಂದುಮುಂದಕ್ಕೆ ನೂಕುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬುವರು 1925ರಲ್ಲಿ ವಿವರಿಸಿದ ಮಾದರಿಯಿದು. ಶಂಕುವಿನ ಹಿಂಬದಿಯಿಂದ ಹೊರಡುವ ಧ್ವನಿಯನ್ನು ಒಂದು ಪೆಟ್ಟಿಗೆ ಅಂಕೆಯಲ್ಲಿಡುತ್ತದೆ. ಪೊರೆಯ ಧ್ವನಿವರ್ಧಕದಲ್ಲಾದರೋ ಶಂಕುವೂ ಇಲ್ಲ, ಸಾಮಾನ್ಯವಾಗಿ ಪೆಟ್ಟಿಗೆಯೂ ಇಲ್ಲ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಧ್ವನಿವರ್ಧಕ 1957ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಬಿಗಿದು, ಅದಕ್ಕೆ ಸಾವಿರಾರು ವೋಲ್ಟುಗಳ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. ಸಂಗೀತದ ವಿದ್ಯುತ್ಸಂಕೇತವನ್ನು ಫಲಕಗಳಿಗೆ ಕೊಟ್ಟಾಗ ಪೊರೆ ಅದಕ್ಕನುಸಾರವಾಗಿ ಅತ್ತಿತ್ತ ಚಲಿಸುತ್ತದೆ. ಅಮೆರಿಕದ ಜಿಮ್ ವೈನೀ ಅವರು 1969ರಲ್ಲಿ ಸ್ಥಾಪಿಸಿದ ಮ್ಯಾಗ್ನೆಪ್ಯಾನ್ ಸಂಸ್ಥೆಯ ಫಲಕಗಳಲ್ಲಿ ಪೊರೆಯ ಮೇಲೆ ತಂತಿಯನ್ನು ಅಂಟಿಸಿ, ಅದರ ಸಮೀಪದಲ್ಲಿ ಅಯಸ್ಕಾಂತಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಬಗೆ ಬೇರೆಯಾದರೂ ತತ್ತ್ವ ಒಂದೇ: ಹಗುರವಾದ ದೊಡ್ಡ ಪೊರೆಯೊಂದು ಗಾಳಿಯನ್ನು ನೇರವಾಗಿ ಅಲುಗಿಸಬೇಕು.

ಆ ಹಗುರತನವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 6 ಮೈಕ್ರಾನ್ ದಪ್ಪದ, 1 ಚದರ ಮೀಟರ್ ವಿಸ್ತಾರದ ಪಾಲಿಯೆಸ್ಟರ್ ಪೊರೆಯ ತೂಕ 8 ಗ್ರಾಮಿಗೆ ತುಸು ಹೆಚ್ಚು. ಅಷ್ಟೇ ವಿಸ್ತಾರದ ಗಾಳಿ ಕೇವಲ 7 ಮಿಲಿಮೀಟರ್ ದಪ್ಪವಿದ್ದರೂ ಅಷ್ಟೇ ತೂಗುತ್ತದೆ. ಆದುದರಿಂದಲೇ ಅಂತಹ ಪೊರೆ ಚಲಿಸೆಂದಾಗ ಚಲಿಸಿ, ನಿಲ್ಲೆಂದಾಗ ನಿಲ್ಲುತ್ತದೆ. ತಂಬೂರಿಯ ಝೇಂಕಾರ, ವೀಣೆಯ ತಂತಿಯನ್ನು ಬೆರಳು ಮೀಟಿದ ಆ ಕ್ಷಣ, ಇವು ಇಷ್ಟು ಸಹಜವಾಗಿ ಕೇಳಿಬರುವುದಕ್ಕೆ ಇದೇ ಕಾರಣ.

ಆದರೆ ಈ ಗುಣಕ್ಕೆ ಪ್ರಕೃತಿ ಒಂದು ಬೆಲೆಯನ್ನು ಕಟ್ಟಿದೆ. ಪೊರೆ ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ವಿರಳವಾಗುತ್ತದೆ. ಎಂದರೆ ಮುಂದಕ್ಕೆ ಹೋಗುವಷ್ಟೇ ಧ್ವನಿ ಹಿಂದಕ್ಕೂ ಹೋಗುತ್ತದೆ, ಆದರೆ ತಲೆಕೆಳಗಾಗಿ. ಹಿಂದಕ್ಕೆ ಹೋದುದು ಗೋಡೆಗೆ ಬಡಿದು ಮರಳಿ ಮುಂದಿನ ಧ್ವನಿಯನ್ನು ಸೇರುತ್ತದೆ. ಮಂದ್ರಸ್ವರಗಳ ಅಲೆಗಳು ಬಹಳ ಉದ್ದ; ಸೆಕೆಂಡಿಗೆ 40 ಕಂಪನಗಳ ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಗೋಡೆ ತೀರ ಹತ್ತಿರವಿದ್ದರೆ ಇಂತಹ ಉದ್ದನೆಯ ಅಲೆ ಹೆಚ್ಚೇನೂ ತಡವಿಲ್ಲದೆ, ಇನ್ನೂ ತಲೆಕೆಳಗಾಗಿಯೇ ಮರಳಿ, ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಸರಳವಾಗಿ ಲೆಕ್ಕ ಹಾಕಿದರೆ, ಗೋಡೆ 30 ಸೆಂಟಿಮೀಟರ್ ದೂರವಿದ್ದಾಗ ಸುಮಾರು 95 ಕಂಪನಗಳಿಗಿಂತ ಕೆಳಗಿನ ಸ್ವರಗಳೆಲ್ಲ ಈ ಪ್ರತಿಫಲನದಿಂದ ದುರ್ಬಲವಾಗುತ್ತವೆ. ಅದೇ ಗೋಡೆ 1 ಮೀಟರ್ ದೂರಕ್ಕೆ ಸರಿದರೆ ಆ ಎಲ್ಲೆ 30 ಕಂಪನಗಳಿಗಿಂತ ಕೆಳಕ್ಕಿಳಿಯುತ್ತದೆ. ಸುಮಾರು 86 ಕಂಪನಗಳ ಬಳಿಯಲ್ಲಿ ಗೋಡೆಯಿಂದ ನಷ್ಟದ ಬದಲು ಲಾಭವೇ ಆಗುತ್ತದೆ. 172 ಕಂಪನಗಳ ಸುತ್ತ ಮಾತ್ರ ಒಂದು ತಗ್ಗು ಕಾಣಿಸುವುದುಂಟು. ಫಲಕವನ್ನು ಅಂಗೈಯಗಲ ಹಿಂದುಮುಂದಕ್ಕೆ ಸರಿಸಿ ಅದರ ಉಪದ್ರವವನ್ನು ತಗ್ಗಿಸಬಹುದು.

ಪೆಟ್ಟಿಗೆಯ ಧ್ವನಿವರ್ಧಕದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅದನ್ನು ಗೋಡೆಯ ಬಳಿಗೆ ತಂದಷ್ಟೂ ಮಂದ್ರ ಹೆಚ್ಚುತ್ತದೆ. ಅದರಿಂದ ಕಲಿತ ಅಭ್ಯಾಸವನ್ನೇ ಇಲ್ಲಿಯೂ ಅನುಸರಿಸಿ ನಮ್ಮವರು ಮೋಸಹೋಗುತ್ತಾರೆ. ಮಂದ್ರ ಸಾಲದೆಂದು ಆಂಪ್ಲಿಫೈಯರನ್ನು ಬದಲಿಸುವುದು ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ. ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ, ಅಳಿಸುವ ಅಲೆಯೂ ಅಷ್ಟೇ ಹೆಚ್ಚುತ್ತದೆಯಲ್ಲವೆ?

ಹಿಂದಿನ ಗೋಡೆಗೆ ದಪ್ಪ ಪರದೆಯನ್ನು ಹಾಕಿದರೆ ಸಾಲದೇ ಎಂದು ಕೆಲವರು ಕೇಳುವರು. ಸಾಲದು. ಪರದೆ ಹೀರಿಕೊಳ್ಳುವುದು ಮುಖ್ಯವಾಗಿ ತಾರಸ್ವರಗಳನ್ನು. ಮೀಟರುಗಟ್ಟಲೆ ಉದ್ದದ ಅಲೆಗೆ ಪರದೆಯೆಂಬುದು ಇದ್ದೂ ಇಲ್ಲದಂತೆ. ಮಂದ್ರದ ಅಳಿವು ಹಾಗೆಯೇ ಉಳಿದು, ಸಂಗೀತದ ಕಾಂತಿ ಮಾತ್ರ ಕುಂದುತ್ತದೆ. ಹಿಂದಿನ ಧ್ವನಿಯನ್ನು ಕೊಲ್ಲುವುದಕ್ಕಿಂತ ಚೆದರಿಸುವುದು ಲೇಸು. ಪುಸ್ತಕಗಳು ಒಂದೇ ಮಟ್ಟದಲ್ಲಿಲ್ಲದ ಪುಸ್ತಕದ ಬೀರುವೊಂದು ಗೋಡೆಗಿದ್ದರೆ ಅದು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲದು.

ಪಕ್ಕದ ಗೋಡೆಗಳ ವಿಷಯದಲ್ಲಿ ಈ ಸಾಧನ ಉದಾರಿ. ಪೊರೆಯ ಅಂಚಿನ ದಿಕ್ಕಿನಲ್ಲಿ ಹಿಂದಿನ ಮುಂದಿನ ಅಲೆಗಳು ಪರಸ್ಪರ ಅಳಿಸಿಕೊಳ್ಳುವುದರಿಂದ ಅತ್ತ ಧ್ವನಿ ಹೋಗುವುದು ಅತ್ಯಲ್ಪ. ಆದರೆ ಕುಳಿತುಕೊಳ್ಳುವ ಸ್ಥಳದ ಬಗ್ಗೆ ಅದು ಕಟ್ಟುನಿಟ್ಟು. 10,000 ಕಂಪನಗಳ ಅಲೆಯ ಉದ್ದ ಮೂರೂವರೆ ಸೆಂಟಿಮೀಟರಿಗೂ ಕಡಿಮೆ. ಅದಕ್ಕಿಂತ ಎಷ್ಟೋ ಪಾಲು ಅಗಲವಾದ ಪೊರೆ ತಾರಸ್ವರಗಳನ್ನು ದೀಪದ ಕಿರಣದಂತೆ ನೇರವಾಗಿ ಕಳುಹಿಸುತ್ತದೆ. ಇದನ್ನು ನಿವಾರಿಸಲೆಂದೇ ವಾಕರ್ ಅವರು 1981ರಲ್ಲಿ ಹೊರತಂದ ಎರಡನೆಯ ಮಾದರಿಯಲ್ಲಿ ಫಲಕಗಳನ್ನು ಒಂದರೊಳಗೊಂದು ಉಂಗುರಗಳಾಗಿ ವಿಭಾಗಿಸಿ, ಹೊರಗಿನ ಉಂಗುರಗಳಿಗೆ ಸಂಕೇತವನ್ನು ಸ್ವಲ್ಪ ತಡವಾಗಿ ಕೊಟ್ಟರು. ಬೇರೆ ಫಲಕಗಳನ್ನುಳ್ಳವರು ಅವುಗಳನ್ನು ಕೇಳುಗನ ಕಡೆಗೆ ತುಸು ತಿರುಗಿಸಿ, ಕಿವಿಗಳನ್ನು ಪೊರೆಯ ಎತ್ತರದಲ್ಲಿರಿಸಿಕೊಂಡು, ಎರಡು ಫಲಕಗಳಿಗೂ ಸಮದೂರದಲ್ಲಿ ಕುಳಿತು ಕೇಳತಕ್ಕದ್ದು.

ಹಾಗಾದರೆ ಆಂಪ್ಲಿಫೈಯರಿಗೆ ಬೆಲೆಯಿಲ್ಲವೆ? ಅವಶ್ಯವಾಗಿ ಉಂಟು. ಸ್ಥಿರವಿದ್ಯುತ್ ಧ್ವನಿವರ್ಧಕ ಆಂಪ್ಲಿಫೈಯರಿಗೆ ಬಹುಮಟ್ಟಿಗೆ ಕೆಪ್ಯಾಸಿಟರಿನಂತೆ ಕಾಣುತ್ತದೆ. ತಾರಸ್ವರಗಳಲ್ಲಿ ಅದರ ತಡೆ ಬಹಳ ಇಳಿದುಬಿಡುತ್ತದೆ. ಆ ಭಾರಕ್ಕೆ ಅಸ್ಥಿರವಾಗುವ ಆಂಪ್ಲಿಫೈಯರು ಅದಕ್ಕೆ ಸಲ್ಲದು. ಅಯಸ್ಕಾಂತದ ಫಲಕಗಳ ತಡೆ ಸಾಮಾನ್ಯವಾಗಿ 4 ಓಮುಗಳ ಆಸುಪಾಸಿನಲ್ಲಿದ್ದು, ಅವು ಧಾರಾಳವಾಗಿ ವಿದ್ಯುತ್ಪ್ರವಾಹವನ್ನು ಬೇಡುತ್ತವೆ. ಆದರೆ ಇದು ಎರಡನೆಯ ಹೆಜ್ಜೆ. ಅತಿಶಕ್ತಿಯ ಆಂಪ್ಲಿಫೈಯರಿನಿಂದ ಒಳಗೆ ಕಿಡಿ ಹಾರಿ ಪೊರೆಯೇ ಸುಟ್ಟುಹೋಗುವ ಅಪಾಯವೂ ಉಂಟೆಂಬುದನ್ನು ಮರೆಯಲಾಗದು. ವಿದ್ಯುದಾವೇಶವುಳ್ಳ ಪೊರೆ ಧೂಳನ್ನು ಸೆಳೆಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಆವೇಶ ಸೋರಿ ಧ್ವನಿ ಕುಗ್ಗಬಹುದು. ಹಾಗೆಂದು ಹಿಂಬದಿಯನ್ನು ಬಿಚ್ಚಿ ಒರೆಸಲು ಯಾರೂ ಹೋಗಬಾರದು. ಸ್ವಿಚ್ಚನ್ನು ಆರಿಸಿದ ಮೇಲೂ ಒಳಗೆ ಮಾರಕವಾದ ವಿದ್ಯುತ್ತು ಉಳಿದಿರಬಹುದು.

ಎಲ್ಲರ ಮನೆಯ ಹಜಾರದಲ್ಲಿಯೂ ಮೂರು ನಾಲ್ಕು ಅಡಿ ಬಿಡುವುದು ಸಾಧ್ಯವಿಲ್ಲವೆಂಬುದು ನಿಜ. ಮಕ್ಕಳು ಆಡುವ, ನೆಂಟರು ಬಂದು ಹೋಗುವ ಸ್ಥಳವದು. ಅಂತಹವರಿಗೆ ಎರಡು ಮಾರ್ಗಗಳುಂಟು. ಕೇಳುವ ಹೊತ್ತಿಗೆ ಮಾತ್ರ ಫಲಕಗಳನ್ನು ಮುಂದಕ್ಕೆ ತಂದು, ನೆಲದ ಮೇಲೆ ಮಾಡಿದ ಗುರುತಿಗೆ ಸರಿಯಾಗಿ ಇಟ್ಟು, ಮುಗಿದ ಮೇಲೆ ಹಿಂದಕ್ಕೆ ಸರಿಸುವುದು ಒಂದು. ಅದೂ ಆಗದಿದ್ದಲ್ಲಿ ಇಂತಹ ಧ್ವನಿವರ್ಧಕದ ಆಸೆಯನ್ನೇ ಬಿಟ್ಟು, ಪೆಟ್ಟಿಗೆಯ ಒಳ್ಳೆಯದೊಂದು ಜೊತೆಯನ್ನು ಕೊಳ್ಳುವುದು ಇನ್ನೊಂದು. ಇದರಲ್ಲಿ ಅವಮಾನವೇನೂ ಇಲ್ಲ. ಸ್ಥಳವಿಲ್ಲದ ಮನೆಗೆ ಇದನ್ನು ಮಾರುವ ವರ್ತಕರು ಮಾತ್ರ ಮೊದಲೇ ಈ ಮಾತನ್ನು ಹೇಳಬೇಕಾದುದು ನ್ಯಾಯ. ಕೊಳ್ಳುವವರಾದರೋ ಅಂಗಡಿಗೆ ಹೊರಡುವ ಮುನ್ನ ಅಳತೆಯ ಟೇಪನ್ನು ಹಿಡಿದು ತಮ್ಮ ಹಜಾರವನ್ನೊಮ್ಮೆ ಅಳೆದು ನೋಡಲಿ.