ಕೆಟ್ಟಿದ್ದು ತೆರೆಯೋ, ಲೆಕ್ಕವೋ?

"ಕಂಪ್ಯೂಟರ್ ಕೆಟ್ಟಿದೆ, ಸೋಮವಾರ ಬನ್ನಿ." ಈ ಮಾತನ್ನು ಕೇಳದ ಕಾರ್ಮಿಕನಾಗಲಿ, ಚಿಲ್ಲರೆ ವ್ಯಾಪಾರಿಯಾಗಲಿ ಈಗ ಯಾವ ಊರಿನಲ್ಲೂ ಸಿಗಲಾರನು. ಹಿಂದೆ "ಸಾಹೇಬರು ರಜಾ" ಎನ್ನುತ್ತಿದ್ದರು. ಈಗ ಸಾಹೇಬರ ಜಾಗದಲ್ಲಿ ಯಂತ್ರ ಕುಳಿತಿದೆ. ಯಂತ್ರ ಕೆಡುವುದೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಕೆಟ್ಟಿರುವುದು ಮುಂದಿನ ತೆರೆಯೋ, ಅದರ ಹಿಂದಿನ ಲೆಕ್ಕವೋ ಎಂದು ಕೇಳುವ ಹಕ್ಕು ಹಣ ಬರಬೇಕಾದವನಿಗೆ ಇದ್ದೇ ಇದೆ.

ಒಂದು ಬಟವಾಡೆಯ ದಿನ ಕೆಲವು ಗೆಳೆಯರೊಡನೆ ಒಂದು ಗಿರಣಿಯ ಕಚೇರಿಗೆ ಹೋಗಿದ್ದೆ. ಗುಮಾಸ್ತರು ತೆರೆಯನ್ನು ನಮ್ಮತ್ತ ತಿರುಗಿಸಿ, "ನೀವೇ ನೋಡಿ, ಅಂಕಿಗಳೆಲ್ಲ ಹಾಳಾಗಿವೆ" ಎಂದರು. ಎಕ್ಸೆಲ್‌ನಲ್ಲಿ ಮಾಡಿದ ಸಂಬಳದ ಪಟ್ಟಿ. ಮೊತ್ತದ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ##### ಎಂಬ ಜಾಲರಿ ಗುರುತುಗಳೇ. ಅಂಕಿ ಹಾಳಾಗಿರಲಿಲ್ಲ, ಕಾಲಂ ಕಿರಿದಾಗಿತ್ತು. ಐದಂಕಿಯ ಮೊತ್ತಕ್ಕೆ ಜಾಗ ಸಾಲದಿದ್ದಾಗ ಅರ್ಧ ಅಂಕಿ ತೋರಿಸಿ ಮೋಸ ಮಾಡುವ ಬದಲು ಆ ಯಂತ್ರ ಜಾಲರಿ ಹಾಕುತ್ತದೆ. ಅಷ್ಟರಮಟ್ಟಿಗೆ ಅದು ಕೆಲವು ಮನುಷ್ಯರಿಗಿಂತ ಪ್ರಾಮಾಣಿಕವಾದದ್ದು! ಕಾಲಂಗಳ ತಲೆಯ ನಡುವಿನ ಗೆರೆಯ ಮೇಲೆ ಎರಡು ಸಲ ಒತ್ತಿದೊಡನೆ ಎಲ್ಲರ ಸಂಬಳವೂ ಮರಳಿ ಬಂತು.

ಎಲ್ಲರದೂ ಎಂದೆನೆ? ತಪ್ಪು. ರಾತ್ರಿ ಪಾಳಿಯ ಮೂವರ ಗಂಟೆಗಳ ಲೆಕ್ಕದಲ್ಲಿ ಕಾಲಂ ಎಷ್ಟು ಎಳೆದರೂ ಜಾಲರಿ ಹೋಗಲಿಲ್ಲ. ಈ ಕಡೆ ನಾವು ಎಚ್ಚರವಾಗಿರತಕ್ಕದ್ದು. ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೊರಟವನು 8 ಗಂಟೆ ದುಡಿದಿದ್ದಾನೆ. ಆದರೆ ತಾರೀಖು ಹಾಕದೆ ಬರಿಯ ವೇಳೆಯನ್ನು ಬರೆದು 6ರಲ್ಲಿ 22ನ್ನು ಕಳೆಯಿರಿ ಎಂದರೆ ಉತ್ತರ ಸೊನ್ನೆಗಿಂತಲೂ ಕೆಳಗೆ, 16 ಗಂಟೆ ಸಾಲ! ಇಂಥ ವೇಳೆಯನ್ನು ಎಕ್ಸೆಲ್ ತೋರಿಸಲಾರದೆ ಜಾಲರಿ ಹಾಕುತ್ತದೆ. ದಿನ ಬದಲಾಯಿತೆಂಬುದನ್ನು ಲೆಕ್ಕ ಬರೆದವರು ಯಂತ್ರಕ್ಕೆ ಹೇಳಲೇ ಇಲ್ಲ. ಬಂದ ದಿನ, ಹೊರಟ ದಿನ ಎರಡನ್ನೂ ಬರೆದರೆ, ಅಥವಾ ಉತ್ತರ ಸೊನ್ನೆಗಿಂತ ಕಡಿಮೆಯಾದಾಗ ಒಂದು ದಿನ ಕೂಡಿಸುವಂತೆ ಸೂತ್ರ ತಿದ್ದಿದರೆ ಸರಿಹೋಗುತ್ತದೆ. ಹಾಗೆ ತಿದ್ದಿಸಿಯೇ ನಾವು ಅಲ್ಲಿಂದ ಎದ್ದೆವು. ನೋಡಲಿಕ್ಕೆ ಒಂದೇ ಗುರುತು. ಒಂದರಲ್ಲಿ ತೆರೆಯ ಇಕ್ಕಟ್ಟು, ಇನ್ನೊಂದರಲ್ಲಿ ದುಡಿದವನ ಎಂಟು ಗಂಟೆ.

ಪಿ.ಎಫ್. ಸಂಖ್ಯೆಯದೂ ಇದೇ ಕಥೆ. 12 ಅಂಕಿಯ ಯು.ಎ.ಎನ್. ಅನ್ನು ಸುಮ್ಮನೆ ಬೆರಳಚ್ಚಿಸಿದರೆ 1.01 ಎಂದು ಆರಂಭವಾಗಿ, ನಡುವೆ ಇಂಗ್ಲಿಷಿನ ಇ ಅಕ್ಷರ ಬಂದು, ಕೊನೆಗೆ +11 ಎಂದು ಕಾಣಬಹುದು. ಗಾಬರಿ ಬೇಡ, ಒಳಗೆ ಪೂರ್ತಿ ಸಂಖ್ಯೆ ಇರುತ್ತದೆ. ಆದರೆ 16 ಅಂಕಿಯ ಬ್ಯಾಂಕ್ ಖಾತೆಯಾದರೆ ಗಾಬರಿಯಾಗಲೇಬೇಕು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಹಿಡಿದಿಡುತ್ತದೆ, ಹದಿನಾರನೆಯದು ಸೊನ್ನೆಯಾಗುತ್ತದೆ. ಮೊದಲಲ್ಲಿರುವ ಸೊನ್ನೆಗಳೂ ಉದುರುತ್ತವೆ. ಹೋದ ಅಂಕಿ ತೆರೆ ಸರಿಪಡಿಸಿದರೆ ಬರುವುದಿಲ್ಲ, ಪಾಸ್‌ಬುಕ್ ನೋಡಿಯೇ ಬರೆಯಬೇಕು. ಬೆರಳಚ್ಚಿಸುವ ಮುಂಚೆಯೇ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗೊತ್ತುಮಾಡಿದ್ದರೆ ಈ ಅನರ್ಥವಿಲ್ಲ.

ಅಂಗಡಿಯವರಿಗೆ ಒಂದು ಮಾತು. 10 ಮತ್ತು 10 ಕೂಡಿಸಿ 21 ಎಂದು ತೆರೆ ತೋರಿಸಿದರೆ ಯಾರ ಮೇಲೂ ಕೂಗಾಡಬೇಡಿ. ಒಳಗಿರುವುದು 10.40 ಮತ್ತು 10.40, ಪೈಸೆ ಮರೆಮಾಡಿದ್ದಾರೆ, ಅಷ್ಟೆ. ಹಳೆಯ ಕನ್ನಡ ಪತ್ರ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ, ಅದನ್ನು ಬರೆದ ಹಳೆಯ 'ನುಡಿ' ಅಥವಾ 'ಬರಹ' ಫಾಂಟು ನಿಮ್ಮಲ್ಲಿಲ್ಲವೆಂದೇ ಸಾಮಾನ್ಯವಾಗಿ ಅರ್ಥ. ಫಾಂಟು ಹಾಕಿಸಿ, ಪತ್ರವನ್ನು ಮತ್ತೆ ಬೆರಳಚ್ಚಿಸಲು ಕಾಸು ಕೊಡಬೇಡಿ.

ಇನ್ನು ವರ್ಡ್ ಅಥವಾ ಎಕ್ಸೆಲ್ ತೆರೆದೊಡನೆ ಪರದೆ ಕಪ್ಪಾಗುವುದು, ಮಿಣುಕುವುದು. ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಿದಾಗ ಅದರ ಡ್ರೈವರ್ ಹೊಂದದಿದ್ದರೆ ಹೀಗಾಗುವುದುಂಟು. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ತೆರೆದರೆ ಅದು 'ಸೇಫ್ ಮೋಡ್'ನಲ್ಲಿ ತೆರೆಯುತ್ತದೆ. ಅನೇಕ ಆವೃತ್ತಿಗಳಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋದರೆ 'ಡಿಸ್ಪ್ಲೇ' ಭಾಗದಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ವೇಗವರ್ಧನೆಯನ್ನು ನಿಲ್ಲಿಸುವ ಚೌಕವಿದೆ; ಅದಕ್ಕೆ ಗುರುತು ಹಾಕಿ ನೋಡಬೇಕು. ಇದಾವುದನ್ನೂ ಮಾಡದೆ "ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು" ಎನ್ನುವ ರಿಪೇರಿಯವನ ಕೈಗೆ ವರ್ಷದ ಖಾತೆ ಪುಸ್ತಕವಿರುವ ಯಂತ್ರವನ್ನು ಕೊಡಬೇಡಿ. ಮೊದಲು ಆ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿ.