ಹಸಿರು ಚುಕ್ಕೆ ಹೇಳದ ಮಾತು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗು ಸಂಜೆ ಎರಡು ಹೊತ್ತು ಜನ ಡೈರಿಗೆ ಹಾಲು ಹಾಕುತ್ತಾರೆ. ಬೆಂಗಳೂರು ಹಾಲು ಒಕ್ಕೂಟದ ಈ ಸಹಕಾರ ಸಂಘಗಳು ಹಾಲಿನ ಜಿಡ್ಡು ಮತ್ತು ಘನಾಂಶಗಳನ್ನು ಪರೀಕ್ಷಿಸುತ್ತವೆ. ಹಸು ದಿನವಿಡೀ ಗೂಟದಲ್ಲೇ ಇತ್ತೇ, ಅದರ ಗಂಡುಕರು ಏನಾಯಿತು ಎಂಬುದನ್ನು ಅಳೆಯುವ ಉಪಕರಣ ಅಲ್ಲಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಆಹಾರವು ಸಸ್ಯಾಹಾರವೆಂದಷ್ಟೇ ಸಾರುತ್ತದೆ. ಪಶುವಿನ ಬಾಳನ್ನು ಕುರಿತು ಅದು ಮೌನ.

ಈ ಮೌನದ ಜಾಗದಲ್ಲಿ ಮಾರುಕಟ್ಟೆ ತನ್ನ ಮಾತುಗಳನ್ನು ತುಂಬುತ್ತಿದೆ. ‘ಅಹಿಂಸಾ’ ಹಾಲು, ಪಂಜರವಿಲ್ಲದ ಕೋಳಿಯ ಮೊಟ್ಟೆ ಎಂಬ ಹೆಸರುಗಳಿಗೆ ನಗರದ ಗ್ರಾಹಕ ಹೆಚ್ಚು ಬೆಲೆ ತೆರುತ್ತಾನೆ. ಆದರೆ ನಂಬಿಕೆಗೆ ಆಧಾರವೇನು? ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಆಗಸ್ಟ್ 21ರಂದು ಹಾಲಿನ ಪೊಟ್ಟಣಗಳಿಂದ ‘ಎ2’ ಎಂಬ ಘೋಷಣೆಯನ್ನು ತೆಗೆಯಲು ಸೂಚಿಸಿ, ಐದೇ ದಿನಗಳಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದಾದ ಪ್ರೋಟೀನಿನ ವಿಷಯದಲ್ಲೇ ಇಷ್ಟು ಗೊಂದಲವಿದ್ದರೆ, ಕೊಟ್ಟಿಗೆಯ ಕರುಣೆಗೆ ಸಾಕ್ಷಿ ಹೇಳುವವರಾರು?

ಜೈನ ಪರಂಪರೆ ಈ ಪ್ರಶ್ನೆಯನ್ನು ಹಿಂದೆಯೇ ಎದುರಿಸಿದೆ. ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಗುರುತಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವೆಲ್ಲ ಕಣ್ಣಿಗೆ ಕಾಣುವ, ಪರಿಶೀಲಿಸಬಹುದಾದ ಕ್ರಿಯೆಗಳು. ಸುಳ್ಳು ಅಳತೆ ಮತ್ತು ಕಲಬೆರಕೆಯ ವ್ಯಾಪಾರಗಳನ್ನು ಅದೇ ಗ್ರಂಥ ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸುತ್ತದೆ. ಪಶುವಿಗೆ ಮಾಡುವ ಹಿಂಸೆಯೂ ಕೊಳ್ಳುವವನಿಗೆ ಮಾಡುವ ವಂಚನೆಯೂ ಗೃಹಸ್ಥಧರ್ಮದಲ್ಲಿ ಅಕ್ಕಪಕ್ಕದ ದೋಷಗಳು.

1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಆದರೂ ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ನೊಂದರು. ಇಂದಿನ ಗ್ರಾಹಕನ ಸ್ಥಿತಿ ಇದಕ್ಕೆ ವಿಲೋಮ. ಅವನ ಕರುಣೆಯ ಸಂಕಲ್ಪ ನಿಜ, ಕೈಗೆ ಬರುವುದು ಮಾತ್ರ ಹಿಟ್ಟಿನ ಅಹಿಂಸೆ ಇರಬಹುದು. ಸಂಕಲ್ಪ ಶುದ್ಧವಾಗಿದ್ದ ಮಾತ್ರಕ್ಕೆ ಕೊಟ್ಟಿಗೆಯ ಹಸುವಿನ ಹಗ್ಗ ಸಡಿಲವಾಗದು.

ಹಾಗೆಂದು ಎರಡು ಹಸು ಸಾಕಿ ಬದುಕುವ ರೈತನ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ. ಹಾಲು ಬತ್ತಿದ ಹಸುವನ್ನೂ ಗಂಡುಕರುವನ್ನೂ ಸಾಕಲು ಮೇವು ಬೇಕು, ಮೇವಿಗೆ ಹಣ ಬೇಕು. ಗ್ರಾಹಕ ತೆರುವ ಹೆಚ್ಚಿನ ಹಣ ಅಲ್ಲಿಗೇ ತಲುಪಬೇಕು. ಸಹಕಾರ ಸಂಘಗಳಲ್ಲಿ ಎರಡು ಹೊತ್ತು ಲೆಕ್ಕ ಬರೆಯುವ ರೂಢಿ ಈಗಾಗಲೇ ಇದೆ. ಆ ಪುಸ್ತಕಕ್ಕೆ ಕರುವಿನ ಗತಿ, ಬತ್ತಿದ ಹಸುವಿನ ಪೋಷಣೆ, ಬಯಲಿಗೆ ಬಿಟ್ಟ ಹೊತ್ತು ಎಂಬ ಅಂಕಣಗಳೂ ಸೇರಲಿ. ಯಾರು ಬೇಕಾದರೂ ಅದನ್ನು ನೋಡುವಂತಿರಲಿ. ಹೆಚ್ಚು ಬೆಲೆ ಕೇಳುವ ಹಕ್ಕು ಬರುವುದು ಅಂತಹ ಲೆಕ್ಕದಿಂದ, ಪೊಟ್ಟಣದ ಮೇಲಿನ ಚಿತ್ರದಿಂದಲ್ಲ.