ಚಿಕ್ಕಮ್ಮ ಸಿಲಬಸ್‌ನಲ್ಲಿರಲಿಲ್ಲ

ರಾಜ್ಯದ ಮೂಲಾಂಶಗಳು ಎಷ್ಟು ಎಂದು ಎಚ್‌ಇಪಿ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ. ಕಣ್ಣು ಬಿಡುವ ಮೊದಲೇ ನಾಲ್ಕು ಅನ್ನುತ್ತಾರೆ. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಆ ಬಿಎಯನ್ನು ನಾನು ಮುಗಿಸಿ ಮೂವತ್ತೈದು ವರ್ಷದ ಮೇಲಾಯಿತು. ಕನ್ನಡಕ ಎಲ್ಲಿಟ್ಟೆ ಅನ್ನುವುದು ದಿನಕ್ಕೆರಡು ಸಲ ಮರೆಯುತ್ತದೆ, ಈ ನಾಲ್ಕು ಮಾತ್ರ ಮರೆತಿಲ್ಲ. ಮರೆಯದಿರುವುದೇ ಈಗ ನನಗೆ ಸ್ವಲ್ಪ ಅನುಮಾನ ತರಿಸುತ್ತಿದೆ.

ಕಳೆದ ತಿಂಗಳು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿಗೆ ಹೋಗಿದ್ದೆ. ಅಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವನು ನನ್ನ ಹಳೆಯ ಗೆಳೆಯ. ‘ಒಂದು ಗಂಟೆ ನಮ್ಮ ಹುಡುಗರ ಹತ್ರ ಮಾತಾಡು ಮಾರಾಯ, ನನ್ನ ಧ್ವನಿ ಕೇಳಿ ಕೇಳಿ ಅವಕ್ಕೂ ಸಾಕಾಗಿದೆ’ ಅಂದಿದ್ದ. ಅರವತ್ತು ಮಕ್ಕಳಿದ್ದರು, ಹೆಚ್ಚಿನವರು ಹುಡುಗಿಯರು. ಹಿಂದಿನ ಬೆಂಚಿನವರು ಬಸ್ಸಿನ ಹೊತ್ತಿಗಾಗಿ ಗೋಡೆ ಗಡಿಯಾರ ನೋಡುತ್ತಿದ್ದರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: ನಿಮ್ಮೂರಿನ ಗ್ರಾಮಸಭೆಗೆ ಹೋದವರು ಕೈ ಎತ್ತಿ.

ಎದ್ದದ್ದು ಮೂರು ಕೈ. ಅದರಲ್ಲಿ ಒಂದು ಅರ್ಧಕ್ಕೇ ಇಳಿಯಿತು. ಉಳಿದ ಎರಡರಲ್ಲಿ ಒಬ್ಬ ಹುಡುಗ ಶಾಮಿಯಾನ ಹಾಕಲು ಹೋಗಿದ್ದವನು. ಇನ್ನೊಬ್ಬಳು ಎರಡನೇ ಬೆಂಚಿನ ಹುಡುಗಿ, ಅವ್ವನ ಜೊತೆ ಮನೆ ಅರ್ಜಿ ಕೊಡಲು ಹೋಗಿದ್ದಳು. ಏನು ನಡೆಯಿತು ಹೇಳಮ್ಮ ಅಂದೆ. ಮೊದಲು ಸಂಕೋಚ, ಆಮೇಲೆ ನಿಲ್ಲಿಸಲಿಲ್ಲ.

ಹನ್ನೊಂದಕ್ಕೆ ಎಂದು ಡಂಗುರ ಸಾರಿದ್ದರು, ನೋಡಲ್ ಅಧಿಕಾರಿ ಬಂದದ್ದು ಹನ್ನೆರಡೂವರೆಗೆ. ಶಾಲೆಯ ಜಗುಲಿ, ಐದು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಪಿಡಿಒ ಕ್ರಿಯಾ ಯೋಜನೆ ಓದಿದರು, ಮೈಕು ಕೈಕೊಟ್ಟದ್ದರಿಂದ ಯಾರಿಗೂ ಕೇಳಲಿಲ್ಲ. ಮನೆಗಳ ಫಲಾನುಭವಿ ಪಟ್ಟಿ ಓದುವಾಗ ಮಾತ್ರ ಎಲ್ಲರೂ ಮುಂದಕ್ಕೆ ಬಂದರು. ಹನ್ನೊಂದು ಹೆಸರು. ಅವ್ವನ ಹೆಸರಿರಲಿಲ್ಲ, ಮಹಡಿ ಮನೆಯಿದ್ದ ಒಬ್ಬರ ಹೆಸರಿತ್ತು. ಇವಳು ಎದ್ದು ನಿಂತು ‘ಈ ಪಟ್ಟಿ ಹೆಂಗ್ ಮಾಡಿದ್ರಿ ಸರ್?’ ಅಂದಳಂತೆ. ಒಬ್ಬ ಸದಸ್ಯರು ‘ಕಾಲೇಜಿಗೆ ಕಳಿಸಿದ್ರೆ ಹಿಂಗೇ ನೋಡಿ’ ಎಂದು ನಕ್ಕರಂತೆ. ಕೊನೆಗೆ ಕೋರಂ ಇಲ್ಲ ಎಂದು ಯಾರೋ ಅಂದರು, ಇದೆ ಎಂದು ಇನ್ಯಾರೋ ಅಂದರು, ನಡಾವಳಿ ಪುಸ್ತಕ ಸಂಜೆ ಮನೆಮನೆಗೆ ಸಹಿಗೆ ಬಂತು. ಅವ್ವನೂ ರುಜು ಹಾಕಿದಳು. ‘ನಾನ್ ಬ್ಯಾಡ ಅಂದೆ ಸರ್, ಮುಂದಿನ ಸಲ ಬೇಕಲ್ಲ ಅಂತ ಹಾಕಿದ್ಲು.’

ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ 1936ರಲ್ಲಿ ರಾಜಕೀಯದ ಮೇಲೊಂದು ಪುಸ್ತಕ ಬರೆದ. ಯಾರಿಗೆ ಏನು, ಯಾವಾಗ, ಹೇಗೆ ಸಿಗುತ್ತದೆ ಎಂಬುದೇ ಅದರ ಹೆಸರು. ರಾಜ್ಯಶಾಸ್ತ್ರದ ಮೊದಲ ಸೆಮಿಸ್ಟರಿನಲ್ಲೇ ವ್ಯಾಖ್ಯೆಗಳ ಸಾಲಿನಲ್ಲಿ ಅವನದೂ ಬರುತ್ತದೆ. ಈ ಹುಡುಗಿ ಅದನ್ನು ಎರಡು ಅಂಕಕ್ಕೆ ಬರೆದಿದ್ದಾಳೆ. ಶಾಲೆಯ ಜಗುಲಿಯಲ್ಲಿ ಎದ್ದು ನಿಂತು ತಾನು ಕೇಳಿದ್ದೂ ಅದೇ ಎಂದು ಅವಳಿಗೆ ಯಾರೂ ಹೇಳಿಲ್ಲ.

ಬೇರೆಯವರನ್ನು ಯಾಕೆ ಬೈಯಲಿ, ನನ್ನದೇ ಹೇಳುತ್ತೇನೆ. 1987ರಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. 1983ರ ಆ ಕಾಯ್ದೆಯಲ್ಲಿ ನಾಲ್ಕನೇ ಒಂದು ಭಾಗದ ಸೀಟು ಹೆಂಗಸರಿಗೆ. ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು ಇಡೀ ದೇಶ ಮೂರನೇ ಒಂದು ಭಾಗ ಕೊಟ್ಟದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ನಮ್ಮ ಮಂಡಲದಲ್ಲಿ ಹಾಗೆ ಗೆದ್ದವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬಳು. ಚಿಕ್ಕಪ್ಪ ನಿಲ್ಲಬೇಕಿತ್ತು, ಸೀಟು ಹೆಂಗಸರಿಗೆ ಹೋಯಿತು ಎಂದು ಇವಳನ್ನು ನಿಲ್ಲಿಸಿದ್ದ. ರಬ್ಬರ್ ಸ್ಟಾಂಪು ಎಂದೇ ಎಲ್ಲರ ಲೆಕ್ಕ.

ಕೇರಿಯ ತುದಿಗೆ ಬೋರ್‌ವೆಲ್ ಹಾಕಿಸಿದ ಬಿಲ್ಲು ಬಂತು. ಚಿಕ್ಕಪ್ಪ ತೋರಿಸಿದ ಜಾಗದಲ್ಲಿ ಸಹಿ ಹಾಕಿದರೆ ಮುಗಿಯಿತು. ಚಿಕ್ಕಮ್ಮ ಕೊಡ ಕಂಕುಳಿಗೇರಿಸಿ ಹೊರಟಳು. ಪಂಪು ಒತ್ತಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು, ಉಗಿದಳು. ಕೆಮ್ಮಣ್ಣಿನ ನೀರು. ‘ಇದನ್ನ ನಿಮ್ಮ ಎಮ್ಮೇನೂ ಕುಡಿಯಲ್ಲ, ನಾನ್ಯಾಕೆ ರುಜು ಹಾಕ್ಲಿ?’ ಅಂದಳು. ಕಂಟ್ರಾಕ್ಟರು ಮನೆಗೆ ಬಂದ, ಚಿಕ್ಕಪ್ಪ ಎರಡು ದಿನ ಊಟ ಬಿಟ್ಟ. ಇವಳು ಸಹಿ ಹಾಕಿದ್ದು ನೀರು ತಿಳಿಯಾದ ಮೇಲೇ. ಆ ವರ್ಷ ನನ್ನ ಬಿಎ ಪರೀಕ್ಷೆಗೆ ವಿಕೇಂದ್ರೀಕರಣದ ಅನುಕೂಲಗಳು ಎಂಬ ಪ್ರಶ್ನೆ ಬಿತ್ತು. ಗೈಡಿನಲ್ಲಿದ್ದ ಎಂಟು ಪಾಯಿಂಟನ್ನು ಅಡಿಗೆರೆ ಎಳೆದು ಬರೆದೆ. ಒಳ್ಳೇ ಅಂಕ ಬಂತು. ಚಿಕ್ಕಮ್ಮನ ಬೊಗಸೆ ನೀರು ನೆನಪಿಗೂ ಬರಲಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ ಅನ್ನಿ.

ಎರಡು ವರ್ಷದ ಮೇಲೆ ಅದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡಿದೆ. 1989ರ ಏಪ್ರಿಲ್, ಕೊನೆಯ ವರ್ಷದ ಪರೀಕ್ಷೆಯ ಓದು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಒಬ್ಬ ಶಾಸಕರು ಹೋಗಿ, ಸರ್ಕಾರಕ್ಕೆ ತಮ್ಮ ಬೆಂಬಲವಿಲ್ಲ ಅನ್ನುವ ಹತ್ತೊಂಬತ್ತು ಮಂದಿಯ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿಟ್ಟರು. ಅದರ ಬೆನ್ನಿಗೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ಏನೇನೋ ಹೇಳಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಸದನ ಕರೆಯಿರಿ, ಅಲ್ಲೇ ಎಣಿಸಿಬಿಡೋಣ ಎಂದರು ಬೊಮ್ಮಾಯಿ. ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು.

ನಾವು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ರೇಡಿಯೊದಲ್ಲಿ ಪ್ರದೇಶ ಸಮಾಚಾರ ಕೇಳಿದೆವು. ಮಾರನೆಯ ದಿನ ರಿವಿಷನ್ ಕ್ಲಾಸಿನಲ್ಲಿದ್ದ ಪಾಠ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯೇ. ಯಾರೋ ಕೈ ಎತ್ತಿದ: ಸರ್, ನಿನ್ನೆ ಆಗಿದ್ದು ಸರಿಯಾ? ನಮ್ಮ ಮೇಷ್ಟ್ರು ಒಳ್ಳೆಯವರು, ತಿಳಿದವರು. ಕಿಟಕಿ ಕಡೆ ಒಮ್ಮೆ ನೋಡಿ ‘ನೋಟ್ಸ್‌ನಲ್ಲಿ ಇದ್ದದ್ದು ಬರೀರಿ, ಇದೆಲ್ಲ ಪರೀಕ್ಷೆಗೆ ಬರಲ್ಲ’ ಅಂದರು. ನಾವು ಅದನ್ನೇ ಬರೆದೆವು.

ಹೈಕೋರ್ಟಿನಲ್ಲಿ ಸೋತ ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಎಂದು ಗೊತ್ತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. 356ನ್ನು ಸರಿಯಾಗಿ ಬಳಸಿದರೋ ಇಲ್ಲವೋ ಎಂದು ಕೋರ್ಟು ನೋಡಬಹುದು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಸಿಗುವಂತಿರಲಿಲ್ಲ, ಅಷ್ಟರಲ್ಲಿ ಒಂದು ಚುನಾವಣೆಯೇ ಮುಗಿದಿತ್ತು. ಆದರೆ ಅಲ್ಲಿಂದೀಚೆಗೆ ದೇಶದಲ್ಲಿ ಎಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಕೇಳಿಬರುವುದು ಬೊಮ್ಮಾಯಿ ಪ್ರಕರಣ. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲೇ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟ ಹದಿನೈದು ದಿನವನ್ನು ಸುಪ್ರೀಂ ಕೋರ್ಟು ಕತ್ತರಿಸಿ, 19ಕ್ಕೇ ಸದನದಲ್ಲಿ ಎಣಿಕೆಯಾಗಲಿ ಅಂದದ್ದರ ಹಿಂದೆಯೂ ಇದೇ ತೀರ್ಪಿನ ನೆರಳಿತ್ತು. ನಾನು ಪರೀಕ್ಷೆಯಲ್ಲಿ ಬಿಟ್ಟುಬಂದ ಪ್ರಶ್ನೆಗೆ ಒಂಬತ್ತು ನ್ಯಾಯಮೂರ್ತಿಗಳು ಉತ್ತರ ಬರೆಯಬೇಕಾಯಿತು.

ರಾಜ್ಯಶಾಸ್ತ್ರಕ್ಕೆ ಪ್ರಾಕ್ಟಿಕಲ್ಸ್ ಇಲ್ಲ, ಲ್ಯಾಬ್ ಇಲ್ಲ ಎಂದು ವಿಜ್ಞಾನದ ಹುಡುಗರು ಆಗಲೂ ಗೇಲಿ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ನಮ್ಮ ಲ್ಯಾಬಿಗೆ ಬೀಗವೇ ಇಲ್ಲದಿರುವುದರಿಂದ ಅದು ಲ್ಯಾಬ್ ಅನ್ನಿಸುವುದಿಲ್ಲ, ಅಷ್ಟೇ. ಕರ್ನಾಟಕದಲ್ಲಂತೂ ಈ ವಿಷಯ ಕಾಲಿಗೆ ತೊಡರುತ್ತದೆ. ಕೌಟಿಲ್ಯನ ಸಪ್ತಾಂಗ ಸಿದ್ಧಾಂತವನ್ನು ಉರು ಹೊಡೆಯುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ, ‘ಅರ್ಥಶಾಸ್ತ್ರ’ದ ತಾಳೆಗರಿ ಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಕಟ್ಟು ಅದು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದು 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳು ಏಳು–ಆರರಲ್ಲಿ ತೀರ್ಪು ಕೊಟ್ಟ ಪ್ರಕರಣದ ಕೇಶವಾನಂದ ಭಾರತಿ ನಮ್ಮ ಗಡಿಗಂಟಿದ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದವರು, ಯಕ್ಷಗಾನದ ದೊಡ್ಡ ಪೋಷಕರು. ಪುಸ್ತಕದಲ್ಲಿ ಅವರ ಹೆಸರು ಒಂದು ಕೇಸಿನ ನಂಬರಿನ ಹಾಗೆ ಬಂದು ಹೋಗುತ್ತದೆ.

ಮೇಷ್ಟ್ರುಗಳ ಕಷ್ಟ ನನಗೆ ತಿಳಿಯದ್ದಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ತಂದರು, 2024–25ರಿಂದ ಮತ್ತೆ ಮೂರೇ ವರ್ಷ ಅಂದರು. ನನ್ನ ಗೆಳೆಯ ಒಂದೇ ಬೆಳಿಗ್ಗೆ ಒಂದು ಕ್ಲಾಸಿಗೆ ಹೊಸ ಸಿಲಬಸ್ಸು, ಇನ್ನೊಂದಕ್ಕೆ ಹಳೆಯದು ಹೊತ್ತು ಓಡಾಡಿದ. ಅವನ ವಿಭಾಗದಲ್ಲಿ ಅವನನ್ನು ಬಿಟ್ಟರೆ ಉಳಿದವರು ಅತಿಥಿ ಉಪನ್ಯಾಸಕರು. ಜೂನ್ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆಯಲ್ಲಿರುವವರಿಗೆ ಮಕ್ಕಳನ್ನು ಗ್ರಾಮಸಭೆಗೆ ಕರೆದುಕೊಂಡು ಹೋಗಿ ಎಂದು ನಾನು ಉಪದೇಶ ಮಾಡಲಾರೆ.

ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆಂದೇ ಈ ವಿಷಯ ತಗೊಳ್ಳುವ ಮಕ್ಕಳನ್ನೂ ಹಂಗಿಸುವುದಿಲ್ಲ. ಹಳ್ಳಿಯ ಮನೆಯಲ್ಲಿ ಒಂದು ಸರ್ಕಾರಿ ಸಂಬಳ ಅಂದರೇನು ಎಂದು ಗೊತ್ತಿರುವವರು ಹಂಗಿಸಲಾರರು. ಆದರೆ ಅವರು ಬಿಎ ಮುಗಿಸಿ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗಿಗೆ ಹೋಗಿ, ಭಾರತದ ರಾಜ್ಯವ್ಯವಸ್ಥೆಯ ಮೇಲಿನ ಲಕ್ಷ್ಮೀಕಾಂತರ ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡುತ್ತಾರಲ್ಲ, ಅದು ನನ್ನನ್ನು ಕಾಡುತ್ತದೆ. ಹಾಗಾದರೆ ಮೂರು ವರ್ಷ ಇಲ್ಲಿ ಮಾಡಿದ್ದೇನು?

ಕ್ಲಾಸಿಗೆ ವಾಪಸು ಬರುತ್ತೇನೆ. ಪಕ್ಷಾಂತರ ನಿಷೇಧ ಎಂದ ಕೂಡಲೇ ಏನು ನೆನಪಾಗುತ್ತದೆ ಅಂದೆ. ಹಿಂದಿನ ಬೆಂಚಿನಿಂದ ‘ರೆಸಾರ್ಟ್ ಸರ್!’ ಎಂದು ಬಂತು. ಇಡೀ ಕ್ಲಾಸು ನಕ್ಕಿತು, ನನ್ನ ಗೆಳೆಯನೂ ನಕ್ಕ. 1985ರ 52ನೇ ತಿದ್ದುಪಡಿ, ಹತ್ತನೇ ಅನುಸೂಚಿ ಎಂದು ಬರೆದರೆ ಪೂರ್ತಿ ಅಂಕ. 2019ರಲ್ಲಿ ರಾಜ್ಯದ ಹದಿನೇಳು ಶಾಸಕರು ಅನರ್ಹರಾಗಿ, ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಬಹುದು ಅಂದದ್ದನ್ನು ಕಂಡ ಹುಡುಗ ‘ರೆಸಾರ್ಟ್’ ಅಂದರೆ ಎಷ್ಟು ಅಂಕ ಕೊಡಬೇಕು? ನಾನಾದರೆ ಅರ್ಧ ಕೊಟ್ಟು, ಉಳಿದರ್ಧಕ್ಕೆ ‘ಯಾಕೆ?’ ಎಂದು ಕೇಳುತ್ತಿದ್ದೆ.

ಆಮೇಲೆ ನಿಮ್ಮ ಕ್ಲಾಸ್ ರೆಪ್ ಯಾರು ಅಂದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ ಎದ್ದರು. ಹೇಗೆ ಆರಿಸಿದಿರಿ? ‘ಪಿಯುಸಿ ಮಾರ್ಕ್ಸ್ ನೋಡಿ ಸರ್ ಮಾಡಿದ್ರು.’ ಈ ಸಲ ನಾನೊಬ್ಬನೇ ನಕ್ಕೆ. ಕಾಲೇಜು ಚುನಾವಣೆಯನ್ನು ಸರ್ಕಾರ ನಿಲ್ಲಿಸಿದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ಹೊಡೆದಾಟ, ದುಡ್ಡು, ಪಕ್ಷಗಳ ಕೈವಾಡ ಇದ್ದದ್ದು ಸುಳ್ಳಲ್ಲ. ನಮ್ಮ ಕಾಲದಲ್ಲಿ ಸೈಕಲ್ ಚೈನು ಹಿಡಿದು ಬಂದವರನ್ನು ನಾನೇ ನೋಡಿದ್ದೇನೆ. ಲಿಂಗ್ಡೋ ಸಮಿತಿ 2006ರಲ್ಲಿ ಹೀಗೆ ಹೀಗೆ ಕಟ್ಟುನಿಟ್ಟಿನಲ್ಲಿ ನಡೆಸಿ ಎಂದು ದಾರಿ ಹೇಳಿತು. ಮತ್ತೆ ಶುರು ಮಾಡಬೇಕೆಂಬ ಮಾತು ಆಗಾಗ ಏಳುತ್ತದೆ, ಮಲಗುತ್ತದೆ. ವಿಧಾನಸಭೆಯ 224 ಜನರನ್ನು ಆರಿಸಲು ಸಾಕಾಗುವ ಹದಿನೆಂಟು ವರ್ಷ, ತರಗತಿಗೆ ಒಬ್ಬರನ್ನು ಆರಿಸಲು ಸಾಲದು.

ನನ್ನ ಗಂಟೆ ಮುಗಿಯಿತು. ಬೊಮ್ಮಾಯಿ ಕಥೆ ಹೇಳುವಾಗ ಒಬ್ಬ ಹುಡುಗ ಪೆನ್ನು ಮುಚ್ಚಳ ತೆಗೆದು ‘ಇದು ಪರೀಕ್ಷೆಗೆ ಬರುತ್ತಾ ಸರ್?’ ಎಂದು ಕೇಳಿದ್ದ. ನಾನು ಗೆಳೆಯನ ಮುಖ ನೋಡಿದೆ, ಅವನು ಕಿಟಕಿ ನೋಡಿದ.

ಬಸ್‌ಸ್ಟ್ಯಾಂಡಿನಲ್ಲಿ ಆ ಎರಡನೇ ಬೆಂಚಿನ ಹುಡುಗಿ ಸಿಕ್ಕಿದಳು. ಕೈಯಲ್ಲಿ ಇಂಟರ್ನಲ್ ಮಾರ್ಕ್ಸಿನ ಅಸೈನ್‌ಮೆಂಟು, ಬಣ್ಣದ ಪೆನ್ನಿನಲ್ಲಿ ಅಂಚು ಕಟ್ಟಿದ ಹಾಳೆ, ‘ಅರಿಸ್ಟಾಟಲನ ಸರ್ಕಾರಗಳ ವರ್ಗೀಕರಣ’. ಅದನ್ನು ಚೀಲಕ್ಕೆ ಹಾಕಿಕೊಂಡು ಕೇಳಿದಳು: ‘ಸರ್, ಆ ಹತ್ತೊಂಬತ್ತು ಜನದಲ್ಲಿ ಏಳು ಜನ ವಾಪಸ್ ತಗೊಂಡ್ರಲ್ಲ, ಅವರನ್ನ ಯಾರಾದ್ರೂ ಕೂರಿಸ್ಕೊಂಡು ಯಾಕೆ ಅಂತ ಕೇಳಿದ್ರಾ? ಇಲ್ಲಾ, ನಮ್ಮವ್ವನ ಹಂಗೆ ಮುಂದಿನ ಸಲ ಬೇಕಲ್ಲ ಅಂತ ರುಜು ಹಾಕಿದ್ರಾ?’

ಅವಳ ಊರಿನ ಬಸ್ಸು ಬಂದು ನಿಂತಿತು, ಕಂಡಕ್ಟರು ಎರಡು ಸಲ ಸೀಟಿ ಊದಿದ. ಅವಳು ಹತ್ತಲಿಲ್ಲ. ಮುಂದಿನದು ಐದೂಕಾಲಕ್ಕೆ ಇದೆ ಸರ್ ಅಂದಳು.